ಎರಡು ಪಾಲು ಹುಚ್ಚು

ಬಹಳ ಬಹಳ ಹಿಂದೆ, ಕಲ್ಲುಗುಡ್ಡದ ಬುಡದಲ್ಲಿ ಒಂದೂರಿತ್ತಂತೆ. ಆ ಊರಿಗೊಂದು ಇಂಜಿನಿಯರಿಂಗ್ ಕಾಲೇಜಿತ್ತಂತೆ. ಯಾವ ಕಾಲ ಅಂತ ಕೇಳಬೇಡಿ. ಕಾಲೇಜಿನ ಗಡಿಯಾರ ಆಗಲೂ ನಿಂತಿತ್ತು, ಈಗಲೂ ನಿಂತಿದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಸಂಶೋಧನೆಯ ಪೇಪರುಗಳನ್ನು ಆಗ ಕನ್ನಡದಲ್ಲೇ ಬರೆಯುತ್ತಿದ್ದರಂತೆ. ನಂಬುವುದು ಕಷ್ಟ, ನನಗೂ ಗೊತ್ತು. ಆದರೆ ಇದಕ್ಕಿಂತ ಕಷ್ಟದ ಸಂಗತಿ ಮುಂದಿದೆ. ಆ ಕಾಲೇಜಿನಲ್ಲಿ ಅನಸೂಯಾಬಾಯಿ ಅಂತ ಒಬ್ಬ ಲೆಕ್ಚರರ್ ಇದ್ದರಂತೆ. ಅವರು ಸಹಿ ಹಾಕುವ ಮೊದಲು ಓದುತ್ತಿದ್ದರಂತೆ.

ಪೂರ್ತಿ ಓದುತ್ತಿದ್ದರಂತೆ.

ನಗಬೇಡಿ. ಹಿರಿಯರು ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ. ಶೇಂಗಾ ಕೊಂಡರೆ ಕಾಳನ್ನು ಸೆರಗಿಗೆ ಸುರಿದುಕೊಂಡು ಮೊದಲು ಪೊಟ್ಟಣ ಓದುತ್ತಿದ್ದರಂತೆ. ಸುದ್ದಿ ಅರ್ಧಕ್ಕೆ ಹರಿದಿದ್ದರೆ, ಉಳಿದರ್ಧ ಯಾರ ಪೊಟ್ಟಣಕ್ಕೆ ಹೋಯಿತು ಎಂದು ಅಂಗಡಿಗೆ ವಾಪಸ್ ಹೋಗುತ್ತಿದ್ದರಂತೆ. ಇಂಥವರು ಒಂದು ಕಾಲೇಜಿನಲ್ಲಿದ್ದರೆ ಉಳಿದವರಿಗೆ ಎಷ್ಟು ತೊಂದರೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಮದುವೆಯ ಕರೆಯೋಲೆಯ ಕೆಳಗೆ 'ತಮ್ಮ ಸುಖಾಗಮನ ಬಯಸುವವರು' ಅಂತ ಹೆಸರು ಹಾಕಿಸುತ್ತೇವಲ್ಲ, ಪೇಪರಿನ ಮೇಲೂ ಹಾಗೆಯೇ ಹಾಕಿಸುತ್ತಿದ್ದರು. ಮೊದಲು ಪ್ರಿನ್ಸಿಪಾಲರದು, ಆಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರದು, ಅವರ ಬೆನ್ನಿಗೆ ಅವರ ಅಳಿಯನದು. ಅಳಿಯನಿಗೆ ಬಟ್ಟೆ ಅಂಗಡಿ ಇತ್ತು. ಆದರೂ ಬಿಡುವ ಹಾಗಿರಲಿಲ್ಲ, ಬೇಜಾರು ಮಾಡಿಕೊಳ್ಳುತ್ತಿದ್ದ. ಕರೆಯೋಲೆಯಲ್ಲಿ ಹೆಸರಿದ್ದವರು ಮದುವೆಗೆ ಬಂದಾದರೂ ಬರುತ್ತಾರೆ. ಪೇಪರಿನಲ್ಲಿ ಹೆಸರಿದ್ದವರು ಲ್ಯಾಬಿನ ಕಡೆ ತಲೆಹಾಕಿಯೂ ಮಲಗುತ್ತಿರಲಿಲ್ಲವಂತೆ.

ಇಷ್ಟೆಲ್ಲ ಪೇಪರು ಎಲ್ಲಿಂದ ಬರುತ್ತಿದ್ದವು? ಡಾಕ್ಟರ್ ವಜ್ರಕುಮಾರ್ ಅಂತ ಒಬ್ಬರಿದ್ದರು, ಅವರಿಂದ. ಕೋಳಿ ಮೊಟ್ಟೆ ಇಟ್ಟ ಹಾಗೆ ಪೇಪರು ಇಡುತ್ತಿದ್ದರಂತೆ, ಕಾವು ಕೊಡುವ ಗೋಜಿಗೆ ಹೋಗುತ್ತಿರಲಿಲ್ಲವಂತೆ. ಲೈಬ್ರರಿಯಲ್ಲಿ ನಕಲು ಹಿಡಿಯುವ ಯಂತ್ರವೊಂದಿತ್ತು. ಬೇರೆಯವರ ಸಾಲನ್ನು ಹಾಗೇ ಇಳಿಸಿದರೆ ಅದು ಕಿರುಚುತ್ತಿತ್ತು. ಪದ ಬದಲಿಸಿದರೆ ಸುಮ್ಮನಿರುತ್ತಿತ್ತು. ಅದಕ್ಕೆ ಪದ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಈ ವಿಷಯದಲ್ಲಿ ಯಂತ್ರ ಕಾಲೇಜಿಗೆ ಚೆನ್ನಾಗಿ ಹೊಂದಿಕೊಂಡಿತ್ತು. ವಜ್ರಕುಮಾರರು ದಪ್ಪನೆಯ ನಿಘಂಟು ತೊಡೆಯ ಮೇಲಿಟ್ಟುಕೊಂಡು, ಬೇರೆ ಊರಿನ ಯಾರದೋ ಪೇಪರಿನಲ್ಲಿ ಒಂದೊಂದೇ ಪದ ತೆಗೆದು ಇನ್ನೊಂದು ಪದ ಇಡುತ್ತಿದ್ದರಂತೆ, ಗೋಡೆಯ ಇಟ್ಟಿಗೆ ಬದಲಿಸಿದ ಹಾಗೆ.

ಅನಸೂಯಾಬಾಯಿಯವರಿಗೆ ಒಂದೇ ಒಂದು ಆಸೆ ಇತ್ತಂತೆ, ರೀಡರ್ ಆಗಬೇಕು ಅಂತ. ಲೆಕ್ಚರರ್‌ಗಿಂತ ಮೇಲಿನ ಹುದ್ದೆಗೆ ಆಗ ರೀಡರ್ ಅನ್ನುತ್ತಿದ್ದರು. ಆಸೆ ಹುದ್ದೆಯದಲ್ಲ, ಕೀಲಿಕೈಯದು. ಕಾಂಕ್ರೀಟಿನ ಘನಗಳನ್ನು ಒತ್ತಿ ಒಡೆದು ಬಲ ನೋಡುವ ದೊಡ್ಡ ಯಂತ್ರ ಲ್ಯಾಬಿನಲ್ಲಿತ್ತು. ಲ್ಯಾಬಿಗೆ ಬೀಗ ಇತ್ತು. ಬೀಗದ ಕೀಲಿಕೈ ರೀಡರ್ ಹತ್ತಿರ ಮಾತ್ರ ಇರಬೇಕೆಂಬ ನಿಯಮ ಇತ್ತು. ಹಿಂದಿನ ರೀಡರ್ ತೀರಿಕೊಂಡ ಮೇಲೆ ಆ ಬಾಗಿಲು ತೆರೆದೇ ಇರಲಿಲ್ಲವಂತೆ. ಬಾಯಿಯವರು ಗುಡ್ಡದ ಕಲ್ಲುಪುಡಿ ಬೆರೆಸಿ ಏನೇನೋ ಎರಕ ಹೊಯ್ಯುತ್ತಿದ್ದರು. ಒಡೆದು ನೋಡುವ ದಾರಿಯಿಲ್ಲದೆ ಎಲ್ಲವನ್ನೂ ಮನೆಯ ಹಿತ್ತಲಲ್ಲಿ ಜೋಡಿಸಿಡುತ್ತಿದ್ದರು. ಹಿತ್ತಲು ತುಂಬಿ ಹೋಗಿತ್ತಂತೆ.

ಒಂದು ದಿನ ಪ್ರಿನ್ಸಿಪಾಲ್ ಈರಭದ್ರಪ್ಪನವರು ಅವರನ್ನು ಕರೆಸಿದರು.

"ಅನಸೂಯಾಬಾಯಾರ, ವಜ್ರಕುಮಾರರ ಹೊಸಾ ಪೇಪರಿನಾಗ ನಿಮ್ಮ ಹೆಸರೂ ಸೇರಿಸೇವಿ. ಏಳನೇದು. ಒಂದು ಸಹಿ ಹಾಕ್ರಿ, ರೀಡರ್ ಆಗ್ರಿ."

"ಓದಿ ಹಾಕ್ತೀನ್ರಿ ಸರ್."

ಪ್ರಿನ್ಸಿಪಾಲರಿಗೆ ನಗು ತಡೆಯಲಿಲ್ಲವಂತೆ. "ಅಲ್ರೀ, ರೀಡರ್ ಆಗಾಕ ಓದೋದು ಯಾಕ ಬೇಕು? ನಾನೂ ಆಗಿದ್ನಲ್ಲ!"

ಬಾಯಿಯವರು ಪೇಪರು ತೆಗೆದುಕೊಂಡು ಹೋಗಿ ಓದಿದರು. ಕೂತು ಓದಿದರಂತೆ, ನಿಂತು ಓದಿದರಂತೆ, ಆಮೇಲೆ ಲ್ಯಾಬಿನ ಹಿಂದಕ್ಕೆ ನಡೆದರಂತೆ. ಅಲ್ಲಿ ಬಯಲಲ್ಲಿ ನೀರಿನ ತೊಟ್ಟಿ ಇತ್ತು. ಕಾಂಕ್ರೀಟ್ ಗಟ್ಟಿಯಾಗಲಿ ಅಂತ ಘನಗಳನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರು. ಎಷ್ಟು ಭಾರಕ್ಕೆ ಒಡೆದವು, ಬಿರುಕು ಯಾವ ದಿಕ್ಕಿಗೆ ಹೋಯಿತು ಎಂದೆಲ್ಲ ಪೇಪರಿನಲ್ಲಿ ಸವಿಸ್ತಾರವಾಗಿ ಬರೆದಿತ್ತಲ್ಲ, ಆ ಘನಗಳು ಅಷ್ಟೂ ತೊಟ್ಟಿಯ ತಳದಲ್ಲಿ ತಣ್ಣಗೆ ಕೂತಿದ್ದವಂತೆ. ಒಂದರ ಮೂಲೆಯೂ ಮುಕ್ಕಾಗಿರಲಿಲ್ಲ. ಒಂದರ ಮೇಲೆ ಕಪ್ಪೆ ಕೂತಿತ್ತಂತೆ.

ಬಾಯಿಯವರು ಕಪ್ಪೆಯನ್ನು ಎಬ್ಬಿಸಿ, ಆ ಘನವನ್ನು ಸೆರಗಿನಲ್ಲಿ ಕಟ್ಟಿ, ನೀರು ಸೋರಿಸುತ್ತ ತಂದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟರು. ಒಂದಲ್ಲ, ಎರಡೂ ಕೈಯಲ್ಲಿ ನಾಲ್ಕು ತಂದರು ಅನ್ನುವವರೂ ಇದ್ದಾರೆ. ಮೇಜಿನ ಕಾಲು ಮುರಿಯಿತು ಅನ್ನುವವರೂ ಇದ್ದಾರೆ. ನಾನು ಒಂದೇ ಅಂತ ಹೇಳುತ್ತೇನೆ, ನಾಲ್ಕಕ್ಕೆ ಆಧಾರವಿಲ್ಲ.

"ಸರ್, ಇದು ಒಡದೈತಿ ಅಂತ ಬರದಾರ. ಎಲ್ಲಿ ಒಡದೈತಿ, ಸ್ವಲ್ಪ ತೋರಸ್ರಿ."

ಅಲ್ಲೇ ಇದ್ದ ವಜ್ರಕುಮಾರರು ಅಳುಕಲಿಲ್ಲವಂತೆ. "ಒಡೀತೈತ್ರಿ ಮೇಡಂ. ಯಾವತ್ತರ ಒಡದ್ರ ಅಷ್ಟಕ್ಕೇ ಒಡೀತೈತಿ. ನಾವು ಮೊದಲೇ ಬರದೇವಿ, ಅಷ್ಟ."

"ಲ್ಯಾಬಿನ ಬಾಗಲಾನೇ ತಗದಿಲ್ಲಲ್ರಿ."

"ತಗದಿದ್ರ ಎಷ್ಟು ಬರ್ತಿತ್ತೋ ಅಷ್ಟು ಬರದೇವ್ರಿ."

ಪ್ರಿನ್ಸಿಪಾಲರು ಮೃದುವಾಗಿ ಸಮಾಧಾನ ಮಾಡಿದರಂತೆ. ತಪ್ಪೇ ಇದೆ ಅಂದುಕೊಂಡರೂ ಏಳು ಮಂದಿ ಇದ್ದೇವೆ, ಹಂಚಿಕೊಂಡರೆ ಒಬ್ಬೊಬ್ಬರಿಗೆ ಬಹಳ ಬರುವುದಿಲ್ಲ ಅಂದರಂತೆ. ಸಹಿ ಹಾಕದಿದ್ದರೆ ರೀಡರ್ ಹುದ್ದೆ ವಜ್ರಕುಮಾರರಿಗೆ ಹೋಗುತ್ತದೆ, ಕೀಲಿಕೈಯೂ ಅವರಿಗೇ ಹೋಗುತ್ತದೆ, ಯೋಚನೆ ಮಾಡಿ ಅಂದರಂತೆ.

ಬಾಯಿಯವರು ಬಹಳ ಹೊತ್ತು ಯೋಚನೆ ಮಾಡಿದರಂತೆ. ಹಿತ್ತಲು ಕಣ್ಣ ಮುಂದೆ ಬಂದಿರಬೇಕು. ಪೆನ್ನು ತೆಗೆದರು. ಪ್ರಿನ್ಸಿಪಾಲರ ಮುಖ ಅರಳಿತು. ಬಾಯಿಯವರು ಏಳನೆಯ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಪೇಪರು ವಾಪಸ್ ಕೊಟ್ಟರು.

"ಮೊದಲನೇ ಹೆಸರು ನಿಮ್ಮದೈತ್ರಿ ಸರ್. ಬರೇ ಘನದ ಲೆಕ್ಕ ಅಲ್ಲ, ಬರದ ಮಾತೂ ಕೆಟ್ಟಾವು. ಕೈಮುಗಿದು ಹೇಳ್ತೀನಿ, ನೀವೊಮ್ಮೆ ಓದ್ರಿ."

"ಬಿಡುಗಡೆ ದಿನಾ ವೇದಿಕೆ ಮ್ಯಾಲೇ ಓದ್ತೀನಿ ತಗೋರಿ," ಅಂದರಂತೆ ಪ್ರಿನ್ಸಿಪಾಲರು, ಮುನಿಸಿನಿಂದ.

ಮಾತಿಗೆ ತಪ್ಪುವ ಮನುಷ್ಯ ಅಲ್ಲ, ಓದಿದರು. ಕಾಲೇಜಿನ ಸಂಶೋಧನಾ ಪತ್ರಿಕೆಯ ಬಿಡುಗಡೆ, ಸಭಾಭವನ ತುಂಬಿತ್ತು, ಉಪ್ಪಿಟ್ಟು ಇತ್ತು. ಅಧ್ಯಕ್ಷರು, ಅಳಿಯ, ಉಳಿದವರು ಶಾಲು ಹೊದ್ದು ಸಾಲಾಗಿ ಕೂತಿದ್ದರು. ಪ್ರಿನ್ಸಿಪಾಲರು ಕನ್ನಡಕ ಏರಿಸಿ, ತಾವು ಬರೆದ ಪೇಪರನ್ನು ಮೊದಲ ಸಲ ನೋಡಿದರು.

"ನಮ್ಮ ವಿಧಾನದಲ್ಲಿ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಹುಚ್ಚು ಸೇರಿಸಿ..."

ನಿಂತರು. ಮತ್ತೆ ಓದಿದರು. ಹುಚ್ಚು ಅಂತಲೇ ಇತ್ತು. ಮೂಲದಲ್ಲಿ ಮರಳು ಅಂತಿತ್ತು. ಮರಳು ಅಂದರೆ ಹುಚ್ಚು ಅಂತಲೂ ನಿಘಂಟು ಹೇಳುತ್ತದೆ, ವಜ್ರಕುಮಾರರ ಬೆರಳು ಆ ಸಾಲಿನ ಮೇಲೆ ಇಳಿದಿತ್ತು. ಹಿಂದಿನ ಬೆಂಚಿನಿಂದ ಒಬ್ಬಳು ವಿದ್ಯಾರ್ಥಿನಿ ಎದ್ದು ವಿನಯವಾಗಿ ಕೇಳಿದಳಂತೆ: "ಸರ್, ಹುಚ್ಚು ಜರಡಿ ಹಿಡದು ಹಾಕಬೇಕೋ, ಹಂಗ ಹಾಕಬೇಕೋ?"

ಪ್ರಿನ್ಸಿಪಾಲರು ಧೈರ್ಯ ಮಾಡಿ ಮುಂದಿನ ಸಾಲಿಗೆ ಹಾರಿದರು. ಅಲ್ಲಿ ಮುಕ್ಕಾಲು ಇಂಚಿನ ಜಲ್ಲಿ ಇರಬೇಕಾದ ಕಡೆ, ಕಾಲು ಹೋಗಿ ಪಾದವಾಗಿ, ಮೂರು ಪಾದದ ಜಲ್ಲಿ ಇತ್ತು. ಅದರ ಮುಂದಿನ ಸಾಲಿಗೆ ಹಾರಿದರು. ಕಬ್ಬಿಣದ ಸರಳುಗಳು ಇರಬೇಕಾದ ಕಡೆ "ಕಬ್ಬಿಣದ ಸುಲಭಗಳನ್ನು ಬಗ್ಗಿಸಿ" ಅಂತಿತ್ತು. ಆಮೇಲೆ ಅವರು ಓದಿದ್ದು ಯಾರಿಗೂ ಕೇಳಿಸಲಿಲ್ಲವಂತೆ. ನಗೆಗೆ ಮೇಲಿನ ತಗಡು ಅಲುಗಾಡಿತು ಅನ್ನುತ್ತಾರೆ.

ಮುಂದಿನದನ್ನು ಹಿರಿಯರು ಬಹಳ ಸಂತೋಷದಿಂದ ಹೇಳುತ್ತಿದ್ದರು. ಪ್ರಿನ್ಸಿಪಾಲರು ಮೈಕಿನಲ್ಲೇ, ತಮ್ಮದು ಹೆಸರು ಮಾತ್ರ, ಬರಹ ತಮ್ಮದಲ್ಲ ಅಂದರು. ಅಧ್ಯಕ್ಷರು ತಮ್ಮದೂ ಅಲ್ಲ ಅಂದರು. ಅಳಿಯ ಎದ್ದು, "ನಂದು ಬಟ್ಟಿ ಅಂಗಡಿ ಐತ್ರಿ" ಅಂದು ಕೂತನಂತೆ. ಹೀಗೆ ಹೆಸರುಗಳು ಸೇರಿದ್ದಕ್ಕಿಂತ ಬೇಗ ಉದುರಿದವು. ಕೊನೆಗೆ ಎಲ್ಲರೂ ವಜ್ರಕುಮಾರರ ಕಡೆ ತಿರುಗಿದರು. ಅವರು ಎದ್ದು ನಿಂತು, ಅಷ್ಟೇ ಸತ್ಯವಾಗಿ, "ನಾನೂ ಬರದಿಲ್ರಿ" ಅಂದರಂತೆ. ಬರೆದವರೇ ಇಲ್ಲದ ಪೇಪರು ಲೋಕದಲ್ಲಿ ಅದೊಂದೇ ಅಂತ ಹೇಳುತ್ತಾರೆ.

ಇಷ್ಟಾದ ಮೇಲೆ ಅನಸೂಯಾಬಾಯಿಯವರು ರೀಡರ್ ಆದರು ಅಂದುಕೊಂಡಿರಾ? ವಜ್ರಕುಮಾರರು ಆದರು. ಅವರ ಹತ್ತಿರ ಬೇರೆ ಪೇಪರುಗಳಿದ್ದವು, ಅವನ್ನು ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಆದರೆ ಹೊಸ ರೀಡರ್ ಒಂದು ದಿನ ಮೇಜಿನ ಖಾನೆ ಎಳೆದಾಗ ತುಕ್ಕು ಹಿಡಿದ ಕೀಲಿಕೈ ಸಿಕ್ಕಿತಂತೆ. ಅದನ್ನು ಹಿಡಿದುಕೊಂಡು ಬಾಯಿಯವರ ಹತ್ತಿರ ಬಂದು, "ಇದ್ಯಾವ ಕೀಲಿಕೈ ಮೇಡಂ? ನಿಮಗೇನರ ಗೊತ್ತೈತೇನು?" ಅಂತ ಕೇಳಿದರಂತೆ.

ಗೊತ್ತಿದೆ ಅಂದರಂತೆ ಬಾಯಿಯವರು.

ಕೀಲಿಕೈ ಇಸಿದುಕೊಂಡು ಲ್ಯಾಬು ತೆರೆದು, ತೊಟ್ಟಿಯ ಘನಗಳನ್ನು ಬಾಯಿಯವರು ಒಡೆದು ನೋಡಿದರು. ಪೇಪರು ಹೇಳಿದ್ದರ ಅರ್ಧ ಭಾರಕ್ಕೇ ಒಡೆದವು. ತಮ್ಮ ಹಿತ್ತಲಿನವನ್ನೂ ತಂದು ಒಡೆದರು. ಅವೂ ಅಂಥ ಗಟ್ಟಿ ಏನಿರಲಿಲ್ಲವಂತೆ. ಬಾಯಿಯವರು ಅದನ್ನೂ ಹಾಗೇ ಬರೆದರು: ಈ ಮಿಶ್ರಣ ಮನೆಗೆ ಆಗುವುದಿಲ್ಲ, ಕಾಂಪೌಂಡಿಗೆ ಆದೀತು. ಕೆಳಗೆ ಒಂದೇ ಹೆಸರು. ಆ ಕಾಲೇಜಿನ ಕಾಂಪೌಂಡು ಈಗಲೂ ನಿಂತಿದೆ. ಅದರ ಹಿಂದಿನ ಕಟ್ಟಡದ ಬಗ್ಗೆ ನಾನು ಮಾತಾಡುವುದಿಲ್ಲ.

ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟ ಘನವನ್ನು ಮಾತ್ರ ಯಾರೂ ಒಡೆಯಲಿಲ್ಲ. ಈಗ ಅದನ್ನು ಆ ಕೋಣೆಯ ಬಾಗಿಲು ಮುಚ್ಚದ ಹಾಗೆ ಆನಿಸಿ ಇಟ್ಟಿದ್ದಾರೆ. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಆ ಗುಡ್ಡದ ಗೌಂಡಿಗಳು ಗೋಡೆಯ ಗಿಲಾಯಿಗೆ ಸಿಮೆಂಟು ಕಲಸುವಾಗ ಇವತ್ತಿಗೂ "ಇನ್ನೊಂದು ಬುಟ್ಟಿ ಹುಚ್ಚು ತಾರೋ" ಅಂತಲೇ ಕೂಗುತ್ತಾರೆ. ಕಾಲೇಜಿನವರು ಹೊಸ ಪೇಪರಿಗೆ ಸಹಿ ಹಾಕುವ ಮೊದಲು ಆ ಘನವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಒತ್ತಿಕೊಂಡೆವಲ್ಲ ಎಂಬ ಧೈರ್ಯದಿಂದ ಓದದೆ ಸಹಿ ಹಾಕುತ್ತಾರೆ.

ಅಪರೂಪಕ್ಕೆ, ಯಾವುದೋ ವರ್ಷ, ಯಾರೋ ಒಬ್ಬರು ಪೇಪರು ಹಿಡಿದುಕೊಂಡು ಕುರ್ಚಿ ಎಳೆದು ಕೂರುತ್ತಾರೆ. ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ತಿರುವುತ್ತಾರೆ. ಆಗ ಸ್ಟಾಫ್ ರೂಮಿನಲ್ಲಿ ದನಿ ತಗ್ಗುತ್ತದೆ. "ಮೈಮ್ಯಾಲೆ ಬಾಯಾರು ಬಂದಾರ," ಅಂತ ಒಬ್ಬರಿಗೊಬ್ಬರು ಪಿಸುಗುಡುತ್ತಾರೆ. ಚಹಾ ತಂದವರು ಬಾಗಿಲಲ್ಲೇ ನಿಲ್ಲುತ್ತಾರೆ. ಇಳಿಯುವತನಕ ಯಾರೂ ಹತ್ತಿರ ಹೋಗುವುದಿಲ್ಲ.