ಸುಣ್ಣದ ಫಕೀರಪ್ಪನ ಮೂವತ್ತೆರಡು ಹೆಜ್ಜೆ

ಯಾವ ಕಾಲದ್ದು ಅಂತ ಕೇಳಬೇಡಿ. ನಮ್ಮಜ್ಜನಿಗೆ ಮೀಸೆ ಚಿಗುರುವ ಹೊತ್ತಿಗೇ ಇದು ಹಳೆಯ ಸಂಗತಿಯಾಗಿತ್ತಂತೆ. ಕರಿಮಣ್ಣಿನ ಸೀಮೆಯ ಒಂದೂರಲ್ಲಿ ಒಂದು ಕಾಲೇಜಿತ್ತು. ಆ ಕಾಲೇಜಿಗೊಂದು ಖೋಖೋ ತಂಡವಿತ್ತು. ಆ ತಂಡದ ಅಂಗಳಕ್ಕೆ ಗೆರೆ ಎಳೆಯುವವನೊಬ್ಬನಿದ್ದ, ಸುಣ್ಣದ ಫಕೀರಪ್ಪ.

ಮುಷ್ಟಿಯಲ್ಲಿ ಸುಣ್ಣ ಹಿಡಿದು ಅವನು ನಡೆದರೆ ಗೆರೆ ಒಂದೆಳೆಯೂ ಸೊಟ್ಟಗಾಗುತ್ತಿರಲಿಲ್ಲ ಅಂತಾರೆ. ಆ ಗೆರೆ ದಾಟುವ ಮುಂಚೆ ಇರುವೆಯೂ ನಿಂತು ಯೋಚಿಸುತ್ತಿತ್ತು ಅಂತಾರೆ. ಇರುವೆಯ ಮಾತು ನಾನು ನಂಬುವುದಿಲ್ಲ, ಗೆರೆಯ ಮಾತು ನಂಬುತ್ತೇನೆ. ಅವನು ಹಗ್ಗ ಹಿಡಿದು ಅಳೆದವನೇ ಅಲ್ಲ. ವರ್ಷಾ ವರ್ಷ ಮಳೆ ನಿಂತ ಮೇಲೆ ಒಂದು ಕಂಬ ನೆಟ್ಟು, ಅಲ್ಲಿಂದ ಮೂವತ್ತೆರಡು ಹೆಜ್ಜೆ ನಡೆದು, ಎರಡನೆಯ ಕಂಬಕ್ಕೆ ಗುಂಡಿ ತೋರಿಸುತ್ತಿದ್ದ. ಅಳೆದು ನೋಡೋಣ ಎಂದವನನ್ನು ಊರೇ ಬೈದು ಬಾಯಿ ಮುಚ್ಚಿಸುತ್ತಿತ್ತು.

ಒಂದು ವರ್ಷ ಆ ತಂಡ ಸೋಲತೊಡಗಿತು. ಪಂದ್ಯಗಳೆಲ್ಲ ಪರವೂರಿನಲ್ಲೇ. ಮೊದಲನೆಯದು ಸೋತರು, ಎರಡನೆಯದು ಸೋತರು, ಮೂರನೆಯದರಲ್ಲಿ ಮಣ್ಣು ಮುಕ್ಕಿದರು. ಆರು ಮುಗಿಯುವಷ್ಟರಲ್ಲಿ ನಾಯಕ ದ್ಯಾಮಣ್ಣನ ಹೆಗಲಿಗೆ ಶನಿ ಏರಿದೆ ಎಂದು ಊರು ತೀರ್ಮಾನಿಸಿತು. ಏಳನೆಯದೂ ಹೋದರೆ ಅವನನ್ನು ತಂಡದಿಂದ ತೆಗೆಯುವುದೆಂದು ಕಾಲೇಜಿನವರು ಹೇಳಿದರಂತೆ. ಪಾಪ, ಆಟ ಬಿಟ್ಟರೆ ಅವನಿಗೆ ಬೇರೆ ಲೋಕವೇ ಇರಲಿಲ್ಲ.

ಏಳನೆಯ ಪಂದ್ಯಕ್ಕೆ ಫಕೀರಪ್ಪನೂ ಹೋದ. ಆಟಕ್ಕೆ ಮುಂಚೆ ಸುಮ್ಮನೆ ರೂಢಿಯಂತೆ ಆ ಊರಿನ ಅಂಗಳದಲ್ಲಿ ಹೆಜ್ಜೆ ಹಾಕಿದ. ಮೂವತ್ತೆರಡು ಎಣಿಸಿ ನಿಂತ. ಕಂಬ ಇನ್ನೂ ಮುಂದಿತ್ತು. ಈ ಮಂದಿಗೆ ಅಳತೆ ಗೊತ್ತಿಲ್ಲ ಎಂದು ನಕ್ಕ. ಅಲ್ಲಿಯವರು ಹಗ್ಗ ತಂದು ಅಳೆದು ತೋರಿಸಿದರು. ಅಂಗಳ ಸರಿಯಾಗಿತ್ತು.

ಆಟ ಶುರುವಾಯಿತು. ಎದುರಾಳಿಯನ್ನು ಅಟ್ಟಿಸಿಕೊಂಡು ಓಡಿದ ದ್ಯಾಮಣ್ಣ, ಕಂಬ ಹಿಡಿದು ತಿರುಗಬೇಕೆಂದು ಜಿಗಿದ. ಅವನ ಕೈ ಬರೀ ನೆಲಕ್ಕೆ ಬಡಿಯಿತು. ಕಂಬ ಮೂರು ಮೊಳ ಆಚೆಗಿತ್ತು. ಮತ್ತೆ ಜಿಗಿದ, ಮತ್ತೆ ಅಲ್ಲೇ ಬಿದ್ದ. ಫಕೀರಪ್ಪ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡನಂತೆ. ವಯಸ್ಸು ಹೇಳದೆ ಕೇಳದೆ ಅವನ ಹೆಜ್ಜೆಯನ್ನು ಮೊಟಕು ಮಾಡಿತ್ತು. ಹುಡುಗರು ವರ್ಷವಿಡೀ ಆ ಮೊಟಕು ಅಂಗಳದಲ್ಲೇ ಪಳಗಿದ್ದರು.

ಏಳನೆಯದೂ ಹೋಯಿತು, ದ್ಯಾಮಣ್ಣನನ್ನು ತೆಗೆದರು. ಫಕೀರಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ ಅಂತಾರೆ. ಕಂಬ ಕಿತ್ತು ಸದ್ದಿಲ್ಲದೆ ಸರಿಯಾದ ಕಡೆ ನೆಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಹೆಸರು ಉಳಿಯುತ್ತಿತ್ತು, ಹುಡುಗನ ಹೆಸರು ಮಣ್ಣಾಗುತ್ತಿತ್ತು. ಆ ಯೋಚನೆ ಬರಲಿಲ್ಲವೆಂದು ಹೇಳುವವರು ಸುಳ್ಳು ಹೇಳುತ್ತಾರೆ. ಬಂತು, ಎರಡು ದಿನವೂ ಪಕ್ಕದಲ್ಲೇ ಕೂತಿತ್ತು.

ಮೂರನೆಯ ಬೆಳಿಗ್ಗೆ ಇಡೀ ಕಾಲೇಜು ಪ್ರಾರ್ಥನೆಗೆ ನಿಂತಾಗ ಅವನು ಮುಂದೆ ಬಂದು ನಿಂತ.

“ಹುಡುಗಂದೇನೂ ತಪ್ಪಿಲ್ಲ,” ಎಂದ. “ನನ್ನ ಹೆಜ್ಜಿ ಸಣ್ಣದಾಗೇತಿ. ಹಗ್ಗಾ ತಂದು ಅಳೀರಿ.”

ಅಳೆದರು. ಮೂರು ಮೊಳ ಕಡಿಮೆ. ಯಾರೂ ನಗಲಿಲ್ಲ. ದ್ಯಾಮಣ್ಣನೇ ಹಾರೆ ಹಿಡಿದು ಕಂಬ ಕಿತ್ತ.

ಅವನನ್ನು ಮತ್ತೆ ನಾಯಕನನ್ನಾಗಿ ಮಾಡಿದರು. ಎಂಟನೆಯದನ್ನು ಗೆದ್ದರು ಅಂತ ಕೆಲವರು ಹೇಳುತ್ತಾರೆ, ಕೇಳೋದಕ್ಕೆ ಚೆಂದ. ಗೆಲ್ಲಲಿಲ್ಲ. ವರ್ಷವಿಡೀ ಕಲಿತ ಮೈ ಒಂದು ವಾರದಲ್ಲಿ ಮರೆಯುತ್ತದೆಯೇ? ಒಂದೇ ಅಂಕದಿಂದ ಸೋತರು. ಆ ವರ್ಷ ಅವರು ಒಂದನ್ನೂ ಗೆಲ್ಲಲಿಲ್ಲ.

ಮರುವರ್ಷ ಮಳೆ ನಿಂತಿತು. ಫಕೀರಪ್ಪ ಮನೆಯಿಂದ ಹೊರಬರಲಿಲ್ಲ. ಇನ್ನು ಹಗ್ಗದಿಂದ ಅಳೆದುಕೊಳ್ಳಿ ಎಂದು ಹೇಳಿ ಕಳಿಸಿದ. ದ್ಯಾಮಣ್ಣ ತಾನೇ ಹೋಗಿ ಬಾಗಿಲಲ್ಲಿ ನಿಂತ.

“ನೀವು ಮುಂದ ನಡೀರಿ ಅಜ್ಜಾ,” ಎಂದ. “ಹಗ್ಗಾ ನಿಮ್ಮ ಹಿಂದ ಬರತೈತಿ.”

ಮುದುಕ ಅತ್ತುಬಿಟ್ಟನಂತೆ. ಆಮೇಲೆ ಎದ್ದು ನಡೆದ.

ಈಗಲೂ ಆ ಸೀಮೆಯಲ್ಲಿ ಅಂಗಳ ಹಾಕುವಾಗ ಊರಿನ ಹಿರಿಯ ತಲೆಯೊಂದನ್ನು ಕರೆತರುತ್ತಾರೆ. ಅವರು ಮೂವತ್ತೆರಡು ಹೆಜ್ಜೆ ಎಣಿಸಿ ನಡೆಯುತ್ತಾರೆ, ಹಗ್ಗ ಹಿಂದೆ ಬರುತ್ತದೆ. ಎಣಿಕೆ ಮುಗಿದು, ಕಂಬದ ಜಾಗ ಇನ್ನೂ ಮುಂದೆ ಉಳಿದಿದ್ದರೆ ನಾಯಕನಾದವನು ಬಂದು ಆ ಮುದಿಜೀವದ ಕೈ ಹಿಡಿಯುತ್ತಾನೆ. ಉಳಿದಷ್ಟು ದೂರವನ್ನು ಇಬ್ಬರೂ ಕೂಡಿ ನಡೆಯುತ್ತಾರೆ.