ದುರ್ಗವ್ವನ ಬರಿಗೈ

ಕೇಳಿ ಮಕ್ಕಳೇ, ಬೂದಿಗುಡ್ಡ ಎಂಬ ರಾಜ್ಯದಲ್ಲಿ ರಣಭೈರವ ಎಂಬ ದೊರೆಯಿದ್ದ. ರಣ ಇದ್ದದ್ದು ಹೆಸರಲ್ಲಷ್ಟೇ. ಅವನ ಕತ್ತಿ ಒರೆಯಲ್ಲೇ ತುಕ್ಕು ಹಿಡಿದಿತ್ತು. ಆದರೆ ಊರ ಹೆಂಗಸರನ್ನು ಎಳೆತಂದು ಅರಮನೆಯ ಭತ್ತವನ್ನು ಬಿಟ್ಟಿ ಕುಟ್ಟಿಸುವುದರಲ್ಲಿ ಮಹಾಶೂರ. ಕೂಲಿ ಇಲ್ಲ, ಒಂದು ಗುಟುಕು ಗಂಜಿಯೂ ಇಲ್ಲ.

ಅದೇ ಊರಲ್ಲಿ ಹೊನ್ನವ್ವ ಎಂಬ ಚಿತ್ರಗಾರ್ತಿಯಿದ್ದಳು. ಊರಬಾಗಿಲ ಗೋಡೆಗೆ ಸುಣ್ಣ ಬಳಿದು ದುರ್ಗವ್ವನನ್ನು ಬರೆದಳು. ಪಕ್ಕದಲ್ಲಿ ಸಿಂಹ, ಕಾಲಡಿಯಲ್ಲಿ ಕೋಣನ ತಲೆಯ ರಕ್ಕಸ, ಎತ್ತಿದ ಕೈಯಲ್ಲಿ ಕತ್ತಿ. ಹೆಂಗಸರು ಬಂದು ನೋಡಿದರು. ನೋಡಿ ನೋಡಿ ಒಬ್ಬಳು ಅಂದಳು, "ಅಲ್ಲ ಕಣೇ, ಈ ಅವ್ವ ಯಾರ ಮನೇಲೂ ಬಿಟ್ಟಿ ಕುಟ್ಟಿದ ಹಾಗೆ ಕಾಣಲ್ಲ!"

ಮಾತು ಅರಮನೆ ಮುಟ್ಟಿತು. ದೊರೆ ಮಂತ್ರಿಯನ್ನೂ ಕರೆದುಕೊಂಡು ಓಡಿ ಬಂದ.

"ಹೆಂಗಸಿನ ಕೈಲಿ ಕತ್ತಿ ಯಾಕೆ? ತೆಗಿ. ಇಲ್ಲ, ನಿನ್ನ ಕೈ ತೆಗೆಸ್ತೀನಿ."

ಹೊನ್ನವ್ವನಿಗೆ ಆ ಕೈಯೇ ಅನ್ನ. "ಆಗಲಿ ಬುದ್ಧಿ" ಎಂದು ಕತ್ತಿ ಅಳಿಸಿ ಒನಕೆ ಬರೆದಳು.

ದೊರೆ ತಲೆ ಮುಟ್ಟಿಕೊಂಡ. "ಒನಕೆ ಬೇಡ!"

"ನಿಮ್ಮ ಭತ್ತ ಕುಟ್ಟೋದೇ ಅಲ್ವಾ ಬುದ್ಧಿ?"

"ಬೇಡ ಅಂದೆ!"

ಒನಕೆ ಅಳಿಸಿ ಪೊರಕೆ ಬರೆದಳು. ದೊರೆ ಹಿಂದೆ ಸರಿದ. ಮಂತ್ರಿಗೆ ಯಾಕೋ ಕೆಮ್ಮು ಬಂತು.

"ಏನೂ ಬೇಡ! ಬರಿಗೈ ಇರಲಿ!"

ಪೊರಕೆಯೂ ಹೋಯಿತು. ಹೊನ್ನವ್ವ ಮುಷ್ಟಿ ಬಿಡಿಸಿ ಅಂಗೈ ಬರೆದಳು. ಎತ್ತಿದ ಅಂಗೈ, ನೇರ ದೊರೆಯ ಮುಖಕ್ಕೆ.

"ಏನೇ ಇದು, ಕಪಾಳಕ್ಕೆ ಬಾರಿಸೋ ಹಾಗಿದೆಯಲ್ಲೇ!" ದೊರೆ ಕೆನ್ನೆ ಹಿಡಿದುಕೊಂಡ.

"ಅದು ಅಭಯಹಸ್ತ ಬುದ್ಧಿ. 'ಹೆದರಬೇಡಿ' ಅನ್ನೋ ಕೈ. ಅದಕ್ಕೂ ನಮ್ಮ ದೊರೆ ಬೆದರಿದರು ಅಂದ್ರೆ ಜನ ಏನಂದಾರು?"

ಸುತ್ತ ಊರೇ ನೆರೆದಿತ್ತು. ದೊರೆ ಕೆನ್ನೆ ಬಿಟ್ಟು ಮೀಸೆ ತಿರುವಿದ. "ಯಾರು ಬೆದರಿದ್ದು? ಅಭಯವೇ ಅದು! ನಾನೇ ಹೇಳ್ತಿದ್ದೀನಿ, ಅವ್ವ ಊರಿಗೆಲ್ಲ ಅಭಯ ಕೊಟ್ಟಿದ್ದಾಳೆ!"

ಹೊನ್ನವ್ವ ಹೆಂಗಸರತ್ತ ತಿರುಗಿದಳು. "ಕೇಳಿಸ್ತೇನ್ರೇ? ಅವ್ವ ಅಭಯ ಕೊಟ್ಟಳು, ದೊರೆಯೇ ಸಾಕ್ಷಿ. ಹೆದರಿಕೆ ಹೋದ ಮೇಲೆ ಬಿಟ್ಟಿ ಯಾರು ಕುಟ್ತಾರೆ?"

"ಯಾರೂ ಇಲ್ಲ!" ಎಂದು ಅಷ್ಟೂ ಅಂಗೈಗಳು ಮೇಲೆದ್ದವು.

ದೊರೆ ತಿರುಗಿ ನೋಡದೆ ಓಡಿದ. ಕೂಲಿ ಅಳೆದುಕೊಟ್ಟ ಮೇಲೆಯೇ ಅರಮನೆಯಲ್ಲಿ ಮತ್ತೆ ಅನ್ನ ಬೆಂದದ್ದು.

ನೀತಿ ಇಷ್ಟೇ ಮಕ್ಕಳೇ: ಬಿಟ್ಟಿ ದುಡಿಸಿ ತಿನ್ನುವವನಿಗೆ ಬರಿಗೈಯೂ ಆಯುಧವಾಗಿ ಕಾಣುತ್ತದೆ. ನಾವು ಅದನ್ನು ಎತ್ತಬೇಕು, ಅಷ್ಟೇ.