ಹುಸೇನಬಿಯ ಹಂಬಕರ್

ತುಂಗಭದ್ರೆಯ ದಂಡೆಯ ಮೇಲೆ ಅಡವಯ್ಯ ಎಂಬ ಗುರುಗಳಿದ್ದರು. ಎರಡು ಕೋಣೆ, ಒಂದು ಬೇವಿನ ಮರ, ಗೋಡೆಗೆ ತೂಗುಹಾಕಿದ ಮೂರು ಎಲೆಕ್ಟ್ರಿಕ್ ಗಿಟಾರು. ಅವರ ಆಶ್ರಮವೆಂದರೆ ಇಷ್ಟೇ.

ಸಾಧುಗಳ ಕೈಯಲ್ಲಿ ಏಕತಾರಿ ಇರಬೇಕು, ಇದೇನು ಕರೆಂಟಿನ ವಾದ್ಯ ಎಂದು ಮೂಗು ಮುರಿದವರಿಗೆ ಅವರು ಉತ್ತರ ಹೇಳುತ್ತಿರಲಿಲ್ಲ. ಒಂದು ಪದ ನುಡಿಸುತ್ತಿದ್ದರು. ಮೂಗು ಮುರಿದವರು ಹೊತ್ತು ಹೋದದ್ದೇ ತಿಳಿಯದೆ ಕೂತುಬಿಡುತ್ತಿದ್ದರು.

ಮೌನೇಶ ಅವರ ಶಿಷ್ಯ. ಆರು ವರ್ಷದಿಂದ ಅಲ್ಲೇ ಇದ್ದ. ಕಿವಿ ಬಲು ಸೂಕ್ಷ್ಮ. ಹೆಸರಿಗೆ ಮೌನೇಶನಾದರೂ ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬುದೊಂದು ಇರುತ್ತದೆ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಮುಟ್ಟಿಸುವುದು ಅದರ ಕೆಲಸ. ಒಂದೇ ಸುರುಳಿಯ ಪಿಕಪ್ ಆದರೆ ಹಾಡಿನ ಜೊತೆ ಗುಂಯ್ ಎನ್ನುವ ಕರೆಂಟಿನ ಸದ್ದೂ ಬರುತ್ತದೆ. ಎರಡು ಸುರುಳಿ ಕೂಡಿಸಿ ಆ ಗುಂಯ್ ಸದ್ದನ್ನು ಅಡಗಿಸುವ ಪಿಕಪ್ಪಿಗೆ ಹಂಬಕರ್ ಎನ್ನುತ್ತಾರೆ.

ಅಗ್ಗದ ಹಂಬಕರುಗಳಲ್ಲಿ ಯಾವುದು ಒಳ್ಳೆಯದು ಎಂದು ದೂರದೂರಿನವರೆಲ್ಲ ಮೌನೇಶನನ್ನು ಕೇಳುತ್ತಿದ್ದರು. ಅವನು ಒಂದೊಂದನ್ನೂ ತನ್ನ ಗಿಟಾರಿಗೆ ಕೂಡಿಸಿ, ನುಡಿಸಿ ನೋಡಿ, ಫೋನಿನಲ್ಲಿ ಬರೆದು ಹಾಕುತ್ತಿದ್ದ. ಇದಕ್ಕೆ ಗಂಟಲು ಕಟ್ಟಿದೆ. ಅದರ ಮಂದ್ರ ಬರೀ ಮಣ್ಣು. ಇದನ್ನು ಕಣ್ಣು ಮುಚ್ಚಿ ಕೊಳ್ಳಿ. ಯಾರ ಮುಲಾಜಿಗೂ ಬೀಳುತ್ತಿರಲಿಲ್ಲ, ಹಾಗಾಗಿ ಜನ ಅವನ ಮಾತನ್ನು ನಂಬುತ್ತಿದ್ದರು.

ಒಂದು ದಿನ ಬೆಳಿಗ್ಗೆ ಹೊಳೆಯಾಚೆಯಿಂದ ಹರಿಗೋಲಿನಲ್ಲಿ ಒಬ್ಬ ಹೆಂಗಸು ಬಂದಳು. ನಡುವಯಸ್ಸು. ಬೆರಳ ತುದಿಗಳೆಲ್ಲ ತಾಮ್ರದ ತಂತಿ ಕೊಯ್ದ ಗೀರು.

"ನೀ ಮೌನೇಶ ಅಲ್ಲೇನು ತಮ್ಮಾ?"

"ಹೌದ್ರಿ."

"ನಾ ಹುಸೇನಬಿ. ಸುಟ್ಟ ಮೋಟರಿಗೆ ತಂತಿ ಸುತ್ತಾಕಿ. ಈಗೊಂದು ವರ್ಷದಿಂದ ಹಂಬಕರ್ ಸುತ್ತತೀನಿ. ಎರಡು ತಿಂಗಳ ಹಿಂದ ನಿನಗೂ ಒಂದು ಕಳಿಸಿದ್ದೆ. ಸತ್ತ ಸ್ವರ, ಯಾರೂ ತಗೋಬ್ಯಾಡ್ರಿ ಅಂತ ಬರದಿ."

ಮೌನೇಶ ಜಗಳಕ್ಕೆ ಅಣಿಯಾದ. ಅವಳು ಜಗಳಕ್ಕೆ ಬಂದಿರಲಿಲ್ಲ.

"ಎಲ್ಲಿ ತಪ್ಪೈತಿ ಅಂತ ಹೇಳಪ್ಪಾ. ತಿದ್ಕೋತೀನಿ. ಮೂರು ಸಲ ಬಿಚ್ಚಿ ಸುತ್ತಿ ನೋಡೀನಿ, ನನಗ ಗೊತ್ತಾಗವಲ್ದು."

"ಮೈ ಇಲ್ರಿ ಅಕ್ಕಾರ, ಭಾರ ಇಲ್ಲ. ಸ್ವರ ತೆಳ್ಳಗ ಬರ್ತೈತಿ. ಅದರ ಮ್ಯಾಲೆ ಗುಂಯ್ ಅಂತೈತಿ. ಗುಂಯ್ ಅನ್ನೂ ಹಂಬಕರ್ ಯಾರಿಗಿ ಬೇಕ್ರಿ?"

ಹುಸೇನಬಿ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ನೀ ಬರದ ಮ್ಯಾಲೆ ಒಬ್ಬರೂ ಕೇಳವಲ್ರು. ನನ್ನ ಮಗಳು, ಮತ್ತ ನಾಕು ಹೆಣ್ಮಕ್ಕಳು ಇದನ್ನ ನಂಬ್ಕೊಂಡಾರ. ತಪ್ಪು ಸಿಗಲಿಲ್ಲ ಅಂದ್ರ ಈ ವಾರ ಕೆಲಸ ನಿಲ್ಲಸ್ತೀನಿ."

ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ಗುರುಗಳು ಅಂದರು, "ಮೌನೇಶ, ಅದನ್ನೊಮ್ಮೆ ನುಡಿಸು."

ಹಂಬಕರ್ ಇನ್ನೂ ಅವನ ಹಳೆಯ ಗಿಟಾರಿನಲ್ಲೇ ಇತ್ತು. ಮೌನೇಶ ಸ್ಪೀಕರು ಹಚ್ಚಿ ಒಂದು ತಂತಿ ಮೀಟಿದ. ತೆಳ್ಳನೆಯ ಸ್ವರ. ಅದರ ಸುತ್ತ ಗುಂಯ್ ಎಂಬ ಸದ್ದು.

ಗುರುಗಳು ಕಣ್ಣು ತೆರೆದರು. "ಸಾಕು," ಎಂದು ಎದ್ದರು.

ಒಳಗಿನಿಂದ ತುಂಬಿದ ಕೊಡವನ್ನೂ ಒಂದು ಬಿದಿರಿನ ಗಳವನ್ನೂ ತಂದರು. ಗಳದ ನಡುವೆ ಕೊಡ ಕಟ್ಟಿ, ಒಂದು ತುದಿಯನ್ನು ಹುಸೇನಬಿಯ ಹೆಗಲಿಗೆ, ಇನ್ನೊಂದನ್ನು ಮೌನೇಶನ ಹೆಗಲಿಗೆ ಕೊಟ್ಟರು.

"ಯವ್ವಾ, ನೀ ಗಿಡದ ಕಡೆ ಮಾರಿ ಮಾಡು. ಮೌನೇಶ, ನೀ ಹೊಳಿ ಕಡೆ. ಹಾಂ, ಈಗ ಇಬ್ಬರೂ ಮುಂದಕ್ಕ ನಡೀರಿ."

ಇಬ್ಬರೂ ಎಳೆದರು. ಗಳ ಹೆಗಲನ್ನು ಉಜ್ಜಿತು. ಕೊಡ ತೂಗಾಡಿ ನೀರು ಚೆಲ್ಲಿತು. ಯಾರೂ ಒಂದು ಗೇಣು ಮುಂದೆ ಹೋಗಲಿಲ್ಲ.

"ಅಜ್ಜಾರ, ಹಿಂಗ ಹೆಂಗ ಹೋಗಾಕ ಬರ್ತೈತ್ರಿ?" ಅಂದ ಮೌನೇಶ.

"ಯಾಕ? ಇಬ್ಬರೂ ಗಟ್ಟಿಮುಟ್ಟ ಅದೀರಿ. ಕೊಡ ತೂತಾಗೈತೇನು?"

"ಇಲ್ರಿ."

"ಗಳ ಮುರದೈತೇನು?"

"ಇಲ್ರಿ. ನಾ ಹಿಂದಮುಂದ ನಿಂತೀನಿ..."

ಅಷ್ಟು ಹೇಳಿದವನು ಅಲ್ಲೇ ನಿಂತುಬಿಟ್ಟ. ಗಳವನ್ನು ಮೆಲ್ಲಗೆ ಇಳಿಸಿ, ಗಿಟಾರು ತೆಗೆದುಕೊಂಡು ಒಳಗೆ ಹೋದ.

ಹುಸೇನಬಿ ಹಂಬಕರ್ ಕಳಿಸಿದ್ದ ಡಬ್ಬಿ ಮೂಲೆಯಲ್ಲಿ ಬಿದ್ದಿತ್ತು. ಅದರೊಳಗೆ ನಾಲ್ಕು ಮಡಿಕೆಯ ಒಂದು ಚೀಟಿ. ಎರಡು ಸುರುಳಿಗಳ ನಾಲ್ಕು ತಂತಿ, ಯಾವ ಬಣ್ಣಕ್ಕೆ ಯಾವ ಬಣ್ಣ ಕೂಡಿಸಬೇಕು ಎಂದು ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಡಬ್ಬಿ ಬಂದ ದಿನವೇ ಮೌನೇಶ ಅದನ್ನು ಕಂಡಿದ್ದ. ನನಗೇ ಹೇಳಿಕೊಡುತ್ತಾರಲ್ಲ ಎಂದು ನಕ್ಕು, ಬಿಚ್ಚದೆ ಒಳಗೇ ಹಾಕಿದ್ದ. ಬೇರೆ ಕಂಪನಿಗಳ ಬಣ್ಣದ ಲೆಕ್ಕದಲ್ಲಿ, ಕೈ ರೂಢಿಯ ಮೇಲೆ ಬೆಸುಗೆ ಹಾಕಿದ್ದ.

ಒಂದು ಸುರುಳಿ ತಿರುಗುಮುರುಗಾಗಿ ಕೂತಿತ್ತು. ಒಂದರ ಹಾಡನ್ನು ಇನ್ನೊಂದು ಅಳಿಸುತ್ತಿತ್ತು. ಅಡಗಬೇಕಾದ ಗುಂಯ್ ಸದ್ದು ಮಾತ್ರ ಉಳಿದಿತ್ತು.

ಬೆಸುಗೆ ಬಿಚ್ಚಿ ಚೀಟಿಯಲ್ಲಿದ್ದಂತೆ ಕೂಡಿಸಿದ. ಹೊರಗೆ ಬಂದು ಅದೇ ತಂತಿ ಮೀಟಿದ.

ಸ್ವರ ತುಂಬಿಕೊಂಡು ಬಂತು. ಬೆಚ್ಚಗೆ, ದಪ್ಪಗೆ, ಅಂಚಿನಲ್ಲಿ ಸ್ವಲ್ಪ ಒರಟಾಗಿ. ಅವನು ಇದುವರೆಗೆ ಹೊಗಳಿದ ಯಾವ ಹಂಬಕರಿಗೂ ಇಂಥ ದನಿ ಇರಲಿಲ್ಲ.

ಹುಸೇನಬಿಯ ಕಣ್ಣು ತುಂಬಿದವು. "ಇದು ನಮ್ಮದೇ ಏನು ತಮ್ಮಾ? ತಿದ್ದಿಬಿಟ್ಟೆಲ್ಲೋ! ಎಲ್ಲಿತ್ತು ತಪ್ಪು?"

ಮೌನೇಶ ಅವಳತ್ತ ನೋಡದೆ ಅಂದ, "ತಂತಿ ಕೂಡ್ಸೂದರಾಗ ಇತ್ರಿ ಅಕ್ಕಾರ. ಸಣ್ಣದು."

"ತಂತಿ ಕೂಡ್ಸಾಕಿ ನನ್ನ ಮಗಳು," ಅಂದಳು ಹುಸೇನಬಿ. ಅವಳ ಹುಬ್ಬು ಗಂಟಿಕ್ಕಿತು. "ಲಕ್ಷ್ಯ ಕೊಟ್ಟು ಮಾಡು ಅಂತ ಬಡ್ಕೋತೀನಿ. ಅಕೀ ಒಬ್ಬಾಕಿ ಸಲುವಾಗಿ ಎಲ್ಲಾರೂ ಅನುಭವಸಬೇಕಾತು. ಹೋಗಿ ವಿಚಾರಸ್ತೀನಿ. ಇನ್ನ ಅಕೀ ಕೈಯಾಗ ಈ ಕೆಲಸ ಕೊಡಾಂಗಿಲ್ಲ."

ಮೌನೇಶ ತಲೆ ತಗ್ಗಿಸಿ ಗಿಟಾರಿನ ತಂತಿ ಒರೆಸತೊಡಗಿದ. ಹುಸೇನಬಿ ಅವನ ತಲೆ ಸವರಿ, ಗುರುಗಳಿಗೆ ಕೈ ಮುಗಿದು ಹೊಳೆಯ ಕಡೆ ನಡೆದಳು.

ಗುರುಗಳು ಚೆಲ್ಲಿದ ನೀರನ್ನು ನೋಡುತ್ತ ಕೂತಿದ್ದರು.

"ಅಜ್ಜಾರ, ಇವತ್ತ ಬರೀತೀನ್ರಿ. ಹುಸೇನಬಿ ಹಂಬಕರ್ ಬಾಳ ಚಲೋ ಐತಿ, ಎಲ್ಲಾರೂ ತಗೋರಿ ಅಂತ. ಅಷ್ಟು ಸಾಕಲ್ರಿ?"

ಗುರುಗಳು ಕೊಡವನ್ನು ಗಳದಿಂದ ಬಿಚ್ಚಿದರು.

"ನನ್ನ ತಪ್ಪು ಅಂತ ಬರದ್ರ, ಹಿಂದ ಬರದಿದ್ದನ್ನೂ ಯಾರೂ ನಂಬೂದಿಲ್ರಿ. ಪಾಪ, ಕೇಳಾವ್ರು ಎಲ್ಲಿ ಹೋಗಬೇಕ್ರಿ?"

ಗುರುಗಳು ಹೊಳೆಯ ಕಡೆ ನೋಡಿ ಅಂದರು, "ಹರಿಗೋಲು ಇನ್ನೂ ದಂಡಿ ಬಿಟ್ಟಿಲ್ಲ."

ಮೌನೇಶ ಓಡಿದ. ಚಪ್ಪಲಿ ಮೆಟ್ಟುವುದಕ್ಕೂ ನಿಲ್ಲಲಿಲ್ಲ.

ಹರಿಗೋಲಿನಲ್ಲಿ ಆಗಲೇ ಏಳೆಂಟು ಮಂದಿ ಕೂತಿದ್ದರು. ಅವನು ಮೊಣಕಾಲುದ್ದ ನೀರಿಗೆ ಇಳಿದು ಅದರ ಅಂಚು ಹಿಡಿದುಕೊಂಡ.

"ಅಕ್ಕಾರ, ನಿಮ್ಮ ಮಗಳದು ತಪ್ಪಿಲ್ರಿ. ಡಬ್ಬಿಯಾಗಿನ ಚೀಟಿಯಾಗ ಎಲ್ಲಾ ಸರಿಯಾಗಿ ಬರದಿತ್ತು. ನಾ ಚೀಟಿ ಓದಲಿಲ್ಲ. ಉಲ್ಟಾ ಕೂಡಿಸಿ, ನಿಮ್ಮ ಮಾಲು ಸತ್ತೈತಿ ಅಂತ ಊರಿಗೆಲ್ಲಾ ಹೇಳಿದೆ."

ಹರಿಗೋಲಿನವರೆಲ್ಲ ಅವನತ್ತ ತಿರುಗಿದರು.

"ಎರಡು ತಿಂಗಳು," ಅಂದಳು ಹುಸೇನಬಿ. "ಎರಡು ತಿಂಗಳು ನನ್ನ ಕೈ ಮ್ಯಾಲೆ ನನಗ ನಂಬಿಕಿ ಇರಲಿಲ್ಲಪಾ."

ಅವಳು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಅಂಬಿಗನಿಗೆ ಹೋಗೋಣ ಎಂದು ಸನ್ನೆ ಮಾಡಿದಳು. ಹರಿಗೋಲು ತಿರುಗುತ್ತ ತಿರುಗುತ್ತ ದೂರವಾಯಿತು.

ಮೌನೇಶ ದಂಡೆಯ ಮೇಲೆ ಕೂತು ಎಲ್ಲವನ್ನೂ ಬರೆದ. ಚೀಟಿಯನ್ನು ಬಿಚ್ಚದೆ ಬಿಟ್ಟದ್ದನ್ನೂ ನಕ್ಕದ್ದನ್ನೂ ಬರೆದ. ಒಂದು ಅಕ್ಷರವನ್ನೂ ಮೆತ್ತಗೆ ಮಾಡಲಿಲ್ಲ.

ಸಂಜೆಯ ಹೊತ್ತಿಗೆ ಉತ್ತರಗಳು ಬಂದವು. ತಂತಿ ಕೂಡಿಸಲು ಬಾರದವನು ನಮಗೆ ಬುದ್ಧಿ ಹೇಳುತ್ತಿದ್ದನೇ ಎಂದು ಒಬ್ಬ ಕೇಳಿದ್ದ. ಇವನ ಮಾತು ಕೇಳಿ ಕೆಟ್ಟೆವು ಎಂದು ಇನ್ನೊಬ್ಬ. ಹಾಗೆ ಬರೆದವರು ಬಹಳ ಮಂದಿ. ಅವನು ಅವನ್ನೆಲ್ಲ ಓದಿ ಮುಗಿಸಿ ಗುರುಗಳ ಹತ್ತಿರ ಬಂದ.

"ಇನ್ನ ಮ್ಯಾಲೆ ನನ್ನ ಯಾರೂ ಕೇಳೂದಿಲ್ರಿ ಅಜ್ಜಾರ."

ಅಡವಯ್ಯ ಗುರುಗಳು ಎದ್ದು, ಗೋಡೆಯ ಮೇಲಿದ್ದ ತಮ್ಮ ಗಿಟಾರನ್ನು ಇಳಿಸಿ ಶಿಷ್ಯನ ತೊಡೆಯ ಮೇಲಿಟ್ಟರು.

"ಇದರ ಹಂಬಕರ್ ಹಳೇದಾಗೈತಿ, ಮೌನೇಶ. ಯಾವುದು ಹಾಕಸ್ಲಿ, ಹೇಳು."